ಆಮೆಬಾವಿಯ ಚಪ್ಪರ

ಅಮ್ಮನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ನಾನು ಅದನ್ನು ಗಮನಿಸಿದ್ದು ತೋರಿ ದಾಟುವಾಗ. ತೋರಿ ಅಂದರೆ ಜಪಾನಿನ ಶಿಂತೋ ಧರ್ಮದ ದೇವಸ್ಥಾನದ ಮುಂದೆ ನಿಲ್ಲಿಸುವ ಹೆಬ್ಬಾಗಿಲು. ಎರಡು ಕಂಬ, ಮೇಲೆ ಎರಡು ತೊಲೆ, ಅಷ್ಟೆ. ಕದ ಇರುವುದಿಲ್ಲ.

"ಇದ್ಯಾಕಮ್ಮ?" ಅಂದೆ.

"ಸುಮ್ನೆ. ಇರ್ಲಿ ಅಂತ."

ಮೈಸೂರಿನಲ್ಲಿ ಬೆಳಗಿನ ಜಾವ ವಾಕಿಂಗ್ ಹೋಗುವವರಿಗೆ ಈ ಕವರಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಐದೂವರೆಗೆ ಹೊರಟರೆ ವಾಪಸ್ ಬರುವಾಗ ಅದರ ತುಂಬಾ ದಾಸವಾಳ, ಕಣಗಲೆ, ನಂದಿಬಟ್ಟಲು. ಒಂದೂ ನಮ್ಮ ಮನೆಯದಲ್ಲ. ಕಾಂಪೌಂಡ್ ದಾಟಿ ರಸ್ತೆಗೆ ಬಂದ ಕೊಂಬೆ ರಸ್ತೆಗೆ ಸೇರಿದ್ದು ಅನ್ನುವುದು ಅಮ್ಮನ ಕಾನೂನು. ಮೂರನೇ ಕ್ರಾಸಿನ ಮೇಷ್ಟ್ರ ಮನೆಯವರು ಒಂದು ದಿನ ಕಿಟಕಿಯಿಂದ ಕೂಗಿದಾಗ "ದೇವರಿಗೆ ತಾನೇ ರೀ, ನನ್ನ ತಲೆಗಲ್ವಲ್ಲ" ಅಂದು ಕಿತ್ತುಕೊಂಡೇ ಬಂದಿದ್ದರು.

ಅಂಥವರನ್ನು ನಾನು ಟೋಕಿಯೋದ ಅತ್ಯಂತ ಹೆಸರಾದ ಹೂವಿನ ದೇವಸ್ಥಾನಕ್ಕೆ, ಹೂ ಪೂರ್ತಿ ಅರಳಿದ ದಿನ, ಕರೆದುಕೊಂಡು ಬಂದಿದ್ದೆ.

"ಅಮ್ಮ, ಇಲ್ಲಿ ಹೂ ಕೀಳೋ ಹಾಗಿಲ್ಲ."

"ನಾನೆಲ್ಲಿ ಕೀಳ್ತೀನಿ ಅಂದೆ?" ಅಂದರು. ಕವರ್ ನಾಲ್ಕು ಮಡಿಕೆಯಾಗಿ ವ್ಯಾನಿಟಿ ಬ್ಯಾಗಿಗೆ ಹೋಯಿತು. ಎಸೆಯಲಿಲ್ಲ, ಗಮನಿಸಿ.

ಹೇಳಬೇಕೆಂದರೆ ಅಮ್ಮ ಬಂದದ್ದು ಸಕುರಾ, ಅಂದರೆ ಚೆರ್ರಿ ಹೂವು ನೋಡುವುದಕ್ಕೆ. ಟೋಕಿಯೋದಲ್ಲಿ ಅದು ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಶುರುವಾಗಿ ಏಪ್ರಿಲ್ ಮೊದಲ ವಾರಕ್ಕೆ ಉದುರಿಹೋಗುತ್ತದೆ. ಅವರ ಕಾಗದಪತ್ರದಲ್ಲಿ ನಾನೇ ಮಾಡಿದ ಒಂದು ತಪ್ಪಿನಿಂದ ವೀಸಾ ತಡವಾಯಿತು. ಏಪ್ರಿಲ್ ಮಧ್ಯಕ್ಕೆ ಬಂದಿಳಿದಾಗ ಮರಗಳ ಮೇಲೆ ಬರೀ ಎಲೆ. "ಎಲೆ ನಮ್ಮೂರಲ್ಲೂ ಇದೆ" ಅಂದರು. ಒಂದು ವಾರ ಆ ಮಾತು ನನ್ನನ್ನು ಚುಚ್ಚುತ್ತಿತ್ತು. ಆಗ ನೆನಪಾದದ್ದು ಕಮೆಯಿದೊ.

ನಾವಿರುವುದು ಕೊತೊ ವಾರ್ಡಿನ ಓಜಿಮಾದಲ್ಲಿ. ಈ ಕಡೆಗೆ, ಮತ್ತು ಪಕ್ಕದ ಎದೊಗಾವಾ ವಾರ್ಡಿನ ನಿಶಿಕಸಾಯಿಗೆ, 2000ದ ಆಸುಪಾಸಿನಿಂದ ನಮ್ಮ ಸಾಫ್ಟ್‌ವೇರ್ ಜನ ಬಂದು ಸೇರಿಕೊಂಡರು. ಈಗ ಲಿಫ್ಟಿನಲ್ಲಿ ಕನ್ನಡ, ತೆಲುಗು, ತಮಿಳು ಕಿವಿಗೆ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಮನೆಯಿಂದ ಕಮೆಯಿದೊ ತೆನ್‌ಜಿನ್ ದೇವಸ್ಥಾನಕ್ಕೆ ಅರ್ಧ ಗಂಟೆಯ ನಡಿಗೆ. ಎಂಟು ವರ್ಷದಿಂದ ಇಲ್ಲಿದ್ದೇನೆ. ಅದಕ್ಕೆ ಮುಂಚೆ ಹೋಗಿದ್ದು ಎರಡೇ ಸಲ, ಅದೂ ಯಾರೋ ನೆಂಟರನ್ನು ಕರೆದುಕೊಂಡು. ಮನೆ ಹತ್ತಿರದ ದೇವಸ್ಥಾನದ ಗತಿಯೇ ಹಾಗೆ, ಅಲ್ವಾ?

ಕಮೆಯಿದೊ ಅನ್ನುವ ಹೆಸರನ್ನು ಬರೆಯುವುದು ಎರಡು ಅಕ್ಷರದಲ್ಲಿ. ಒಂದರ ಅರ್ಥ ಆಮೆ, ಇನ್ನೊಂದರದು ಬಾಗಿಲು; ಹಿಂದೆ ನಡುವೆ ಬಾವಿ ಅನ್ನುವ ಅಕ್ಷರವೂ ಇತ್ತು ಅಂತ ಹೇಳಿದೆ. "ಆಮೆಬಾವಿ" ಅಂದುಕೊಂಡು ಅಮ್ಮ ಹೆಸರನ್ನು ಅಲ್ಲಿಗೇ ಮುಗಿಸಿದರು. ಆಮೇಲೆ ಫೋನಿನಲ್ಲಿ ಅಕ್ಕನಿಗೂ ಆಮೆಬಾವಿಗೆ ಹೋಗಿದ್ವಿ ಅಂತಲೇ ಹೇಳಿದ್ದು. ಅಲ್ಲಿನ ಕೊಳದಲ್ಲಿ ಆಮೆಗಳೇನೋ ಬೇಕಾದಷ್ಟಿವೆ. ಕಲ್ಲಿನ ಮೇಲೆ ಒಂದರ ಮೇಲೊಂದು ಹತ್ತಿ ಬಿಸಿಲು ಕಾಯಿಸುತ್ತಿರುತ್ತವೆ.

ತೋರಿ ದಾಟಿದ ತಕ್ಷಣ ಕೊಳ, ಅದರ ಮೇಲೆ ಕಮಾನಿನ ಹಾಗೆ ಎದ್ದ ಕೆಂಪು ಸೇತುವೆ. ಒಳಗೆ ಹೋಗುವವರು ಒಟ್ಟು ಮೂರು ಸೇತುವೆ ದಾಟಬೇಕು. ಮೊದಲನೆಯದು ಕಡಿದಾದ ಗಂಡುಸೇತುವೆ, ಅದು ಭೂತಕಾಲ. ನಡುವಿನ ಚಪ್ಪಟೆಯದು ವರ್ತಮಾನ. ಕೊನೆಯದು ಹೆಣ್ಣುಸೇತುವೆ, ಭವಿಷ್ಯ. ಒಂದೊಂದು ದಾಟುತ್ತಾ ಮನಸ್ಸು ಹಗುರ ಮಾಡಿಕೊಂಡು ದೇವರ ಮುಂದೆ ನಿಲ್ಲಬೇಕಂತೆ. ಅಮ್ಮನ ಮಂಡಿಗೆ ಆ ಮೆಟ್ಟಿಲು ಸಾಧ್ಯವಿರಲಿಲ್ಲ. "ಹಳೇದೆಲ್ಲ ನಂಗೆ ಬೇಡಪ್ಪ, ಸಾಕಷ್ಟು ಹತ್ತಿ ಇಳಿದಿದೀನಿ" ಅಂದು ಕೊಳದ ಪಕ್ಕದ ಕಾಲುದಾರಿ ಹಿಡಿದರು. ಜನ ಎಷ್ಟಿದ್ದರೆಂದರೆ ಸೇತುವೆ ಹತ್ತಿದ್ದರೂ ಮನಸ್ಸು ಹಗುರವಾಗುವಷ್ಟು ಹೊತ್ತು ನಿಲ್ಲಲು ಜಾಗವಿರಲಿಲ್ಲ.

ಹಾಗೆ ಪಕ್ಕಕ್ಕೆ ಹೋದದ್ದೇ ಒಳ್ಳೆಯದಾಯಿತು. ನೇರವಾಗಿ ಚಪ್ಪರದ ಕೆಳಗೆ ಬಂದು ನಿಂತೆವು.

ಫುಜಿ ಹೂವಿಗೆ ಕನ್ನಡದಲ್ಲಿ ಹೆಸರಿದ್ದಂತಿಲ್ಲ. ಇಂಗ್ಲಿಷಿನವರು ವಿಸ್ಟೀರಿಯಾ ಅನ್ನುತ್ತಾರೆ. ಫುಜಿ ಬೆಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ, ಬರೆಯುವ ಅಕ್ಷರವೇ ಬೇರೆ. ಇದು ಬಳ್ಳಿ. ಹೂ ಮೇಲಕ್ಕಲ್ಲ, ಕೆಳಕ್ಕೆ ಅರಳುತ್ತದೆ. ದ್ರಾಕ್ಷಿ ಗೊಂಚಲನ್ನು ಎಳೆದು ಮೊಳದುದ್ದ ಮಾಡಿ, ಒಂದೊಂದು ಹಣ್ಣಿನ ಜಾಗದಲ್ಲಿ ಒಂದೊಂದು ನೇರಳೆ ಹೂ ಇಟ್ಟರೆ ಹೇಗೋ ಹಾಗೆ. ತೊಟ್ಟಿನ ಕಡೆ ಮೊದಲು ಅರಳಿ ತುದಿಯಲ್ಲಿ ಇನ್ನೂ ಮೊಗ್ಗು. ಹಾಗಾಗಿ ಬಣ್ಣ ಕೆಳಗೆ ಬರುತ್ತಾ ಗಾಢವಾಗುತ್ತದೆ. ಇಂಥವು ಸಾವಿರಾರು ಗೊಂಚಲು ತಲೆಯ ಮೇಲೆ, ಸ್ವಲ್ಪ ಗಾಳಿ ಬೀಸಿದರೂ ಎಲ್ಲಾ ಒಟ್ಟಿಗೆ ತೂಗುತ್ತವೆ. ಕೊಳದ ನೀರಿನಲ್ಲಿ ಅದೇ ಇನ್ನೊಂದು ಸಲ ತಲೆಕೆಳಗಾಗಿ. ವಾಸನೆ ತೆಳ್ಳಗೆ, ಸಿಹಿಯಾಗಿ ಬಂದು ಹೋಗುತ್ತದೆ, ಮಲ್ಲಿಗೆಯ ಹಾಗೆ ಮೇಲೆ ಬೀಳುವುದಿಲ್ಲ.

ನಾನು ಫೋನ್ ತೆಗೆಯುವಷ್ಟರಲ್ಲಿ ಅಮ್ಮ ಕನ್ನಡಕ ಸರಿಮಾಡಿಕೊಂಡು ಒಂದು ಗೊಂಚಲಿನ ಹತ್ತಿರ ಮುಖ ಹಿಡಿದಿದ್ದರು.

"ಇದು ಅವರೆ ಹೂವು ಕಣೇ."

"ಅಮ್ಮಾ..."

"ನೀನೇ ನೋಡು. ಈ ಕಡೆ ಎರಡು ರೆಕ್ಕೆ, ಹಿಂದೆ ಒಂದು ಅಗಲದ ಎಸಳು, ಒಳಗೆ ದೋಣಿ ಥರ. ಚಪ್ಪರದವರೆ ಇದು. ಚಪ್ಪರಾನೂ ಹಾಕಿದಾರಲ್ಲ."

ನಾನು ನಕ್ಕೆ. ಆಮೇಲೆ ನೋಡಿದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಫುಜಿ, ಅವರೆ, ತೊಗರಿ, ಬಟಾಣಿ ಎಲ್ಲಾ ಒಂದೇ ಕುಟುಂಬ, ಕಾಯಿ ಬಿಡುವ ದ್ವಿದಳದ ವಂಶ. ನೂರಾರು ಜನ ಟ್ರೈಪಾಡ್ ಇಟ್ಟುಕೊಂಡು ನಿಂತ ಕಡೆ ಮೈಸೂರಿನ ಹೆಂಗಸೊಬ್ಬರು ಎಸಳು ಎಣಿಸಿ ಕುಲ ಕಂಡುಹಿಡಿದರು. ನಾನು ಎಂಟು ವರ್ಷದಲ್ಲಿ ಒಮ್ಮೆಯೂ ಎಸಳು ನೋಡಿರಲಿಲ್ಲ. ಬಣ್ಣ ನೋಡಿದ್ದೆ, ಫೋಟೋ ನೋಡಿದ್ದೆ, ಅಷ್ಟೆ.

ಅಷ್ಟರಲ್ಲಿ ಹೆಬ್ಬೆರಳ ಗಾತ್ರದ ಒಂದು ದುಂಬಿ ಗುಂಯ್ ಅಂತ ಬಂತು. ಪಕ್ಕದ ಹುಡುಗಿಯರು ಕಿರುಚಿ ಚೆದುರಿದರು. ಮರ ಕೊರೆದು ಗೂಡು ಮಾಡುವ ಜಾತಿ ಅದು. ನೋಡುವುದಕ್ಕೆ ಭಯಂಕರ, ಆದರೆ ಪಾಪದ್ದು. ಗಂಡು ದುಂಬಿಗೆ ಮುಳ್ಳೇ ಇಲ್ಲ. ಫುಜಿ ಹೂವಿನ ಆ ದೋಣಿಯನ್ನು ಒತ್ತಿ ತೆರೆಯಲು ಇಂಥ ದಪ್ಪ ಮೈಯೇ ಬೇಕು. ಅಮ್ಮ ಕದಲಲಿಲ್ಲ. "ಅದರ ಮನೆ, ಅದು ಬಂದಿದೆ" ಅಂದರು.

ಈ ಚಪ್ಪರಗಳ ಕೆಲಸವನ್ನೂ ಸ್ವಲ್ಪ ನೋಡಬೇಕು. ಐವತ್ತಕ್ಕೂ ಹೆಚ್ಚು ಬಳ್ಳಿಗಳಿವೆ. ಕೆಲವದರ ಬುಡ ಸೊಂಟದಷ್ಟು ದಪ್ಪ, ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದೆ. ಕಾಡಿನಲ್ಲಿ ಇದೇ ಬಳ್ಳಿ ಮರವನ್ನು ಸುತ್ತಿ ಹಿಸುಕುತ್ತದೆ, ನೋಡಿಕೊಳ್ಳುವವರಿಲ್ಲದ ನೆಡುತೋಪುಗಳಲ್ಲಿ ಇದೊಂದು ಕಾಟ. ಇಲ್ಲಿ ಅದಕ್ಕೆ ಹಿಸುಕಲು ಏನೂ ಕೊಡದೆ ಚಪ್ಪರದ ಮೇಲೆ ಅಡ್ಡ ಮಲಗಿಸಿದ್ದಾರೆ. ಹೂ ಮುಗಿದ ಮೇಲೆ ಒಂದು ಸಲ, ಚಳಿಗಾಲದಲ್ಲಿ ಎಲೆಯೆಲ್ಲಾ ಉದುರಿದ ಮೇಲೆ ಇನ್ನೊಂದು ಸಲ ಕತ್ತರಿ ಆಡಬೇಕು. ಹೂವಿನ ಮೊಗ್ಗು ಯಾವುದು, ಎಲೆಯ ಮೊಗ್ಗು ಯಾವುದು ಗೊತ್ತಿಲ್ಲದವರು ಕೈಯಿಟ್ಟರೆ ಮುಂದಿನ ವರ್ಷ ಬರೀ ಸೊಪ್ಪು. ವಸಂತದಲ್ಲಿ ಎರಡು ವಾರ ನಾವು ನೋಡುವುದು ಜನವರಿಯಲ್ಲಿ ಯಾರೋ ಏಣಿ ಹತ್ತಿ ಬೆರಳು ಮರಗಟ್ಟಿಸಿಕೊಂಡು ಮಾಡಿದ ಕೆಲಸ.

ಈ ಹೂವಿನ ಖ್ಯಾತಿ ಎದೊ (ಟೋಕಿಯೋದ ಹಳೇ ಹೆಸರು) ಕಾಲದಿಂದಲೂ ಇದೆ, ಆಗ ದೇಶ ಆಳುತ್ತಿದ್ದ ಸೇನಾಧಿಪತಿಗಳಾದ ಶೋಗುನ್‌ಗಳೂ ಬಂದು ನೋಡಿಹೋಗಿದ್ದರಂತೆ. 1856ರಲ್ಲಿ ಅಚ್ಚುಚಿತ್ರಗಾರ ಹಿರೊಶಿಗೆ ಎದೊ ಪಟ್ಟಣದ ನೋಟಗಳ ಚಿತ್ರಮಾಲೆಯಲ್ಲಿ ಇದೇ ಜಾಗವನ್ನು ಮಾಡಿದ. ಮುಂದೆ ತೂಗುವ ಗೊಂಚಲುಗಳು, ಹಿಂದೆ ಕಮಾನು ಸೇತುವೆ. ಫ್ರಾನ್ಸಿನ ಚಿತ್ರಕಾರ ಮೊನೆ ಇಂಥ ಜಪಾನಿ ಅಚ್ಚುಚಿತ್ರಗಳನ್ನು ರಾಶಿ ಹಾಕಿಕೊಂಡಿದ್ದ. ಜಿವರ್ನಿಯ ತನ್ನ ತೋಟದಲ್ಲಿ ಅವನು ಕಟ್ಟಿಸಿದ ಸೇತುವೆಯ ಮೇಲೂ ಫುಜಿ ಹಬ್ಬಿದೆ. ಈಗ ಹಿರೊಶಿಗೆ ನಿಂತ ಕಡೆ ನಿಂತರೆ ಚೌಕಟ್ಟಿನೊಳಗೆ 634 ಮೀಟರಿನ ಸ್ಕೈಟ್ರೀ ಗೋಪುರ ಬರುತ್ತದೆ. ಅದನ್ನು ತಪ್ಪಿಸಿ ಫೋಟೋ ತೆಗೆಯಲು ಕೆಲವರು ಬಗ್ಗುತ್ತಾರೆ, ಅದನ್ನೇ ಹಿಡಿಯಲು ಉಳಿದವರು ಬಗ್ಗುತ್ತಾರೆ.

"ಸರಿ, ದೇವರೆಲ್ಲಿ?" ಅಂದರು ಅಮ್ಮ.

ಕೈ ತೊಳೆದುಕೊಂಡು ಗುಡಿಯ ಮುಂದಿನ ಸಾಲಿನಲ್ಲಿ ನಿಂತೆವು. ಮೂರ್ತಿ ಕಾಣುವುದಿಲ್ಲ, ಗರ್ಭಗುಡಿ ಮುಚ್ಚಿರುತ್ತದೆ. ಐದು ಯೆನ್ನಿನ ತೂತಿನ ನಾಣ್ಯ ಹುಂಡಿಗೆ ಹಾಕಿದೆವು. ಐದು ಯೆನ್ ಅಂದರೆ 'ಗೊ ಎನ್', ಅದೇ ಉಚ್ಚಾರದಲ್ಲಿ ಋಣಾನುಬಂಧ ಅನ್ನುವ ಅರ್ಥವೂ ಬರುವುದರಿಂದ ಅದು ಒಳ್ಳೆಯ ನಾಣ್ಯ. ಎರಡು ಸಲ ಬಾಗು, ಎರಡು ಚಪ್ಪಾಳೆ, ಇನ್ನೊಂದು ಸಲ ಬಾಗು. ಮುಗಿಯಿತು. ಅರ್ಚನೆಯಿಲ್ಲ, ಆರತಿಯಿಲ್ಲ, ತೀರ್ಥವಿಲ್ಲ.

ಅಮ್ಮನಿಗೆ ಇದ್ಯಾವುದೂ ತೊಂದರೆ ಮಾಡಲಿಲ್ಲ. ತಲೆಕೆಡಿಸಿದ್ದು ಒಂದೇ. "ಇಷ್ಟೊಂದು ಹೂ ಇಟ್ಕೊಂಡು ದೇವರ ಮೇಲೆ ಒಂದೂ ಇಲ್ವಲ್ಲೇ?"

ನಾನು ಅಲ್ಲಿಯವರೆಗೆ ಅದನ್ನು ಯೋಚಿಸಿರಲಿಲ್ಲ. ಇಲ್ಲಿ ದೇವರಿಗೆ ಇಡುವುದು ಅಕ್ಕಿ, ಉಪ್ಪು, ನೀರು, ಅಕ್ಕಿಯ ಮದ್ಯ ಸಾಕೆ, ಮತ್ತೆ ಸಕಾಕಿ ಅನ್ನುವ ಸದಾ ಹಸಿರಾದ ಗಿಡದ ಕೊಂಬೆ. ನಮ್ಮ ಹಾಗೆ ಬುಟ್ಟಿಗಟ್ಟಲೆ ಬಿಡಿಹೂವು, ಮಾಲೆ, ದಿಂಡು ಇಲ್ಲ. ನಮ್ಮಲ್ಲಿ ಹೂ ದೇವರ ಹತ್ತಿರ ಹೋಗುತ್ತದೆ. ಸಂಜೆಗೆ ನಿರ್ಮಾಲ್ಯವಾಗುತ್ತದೆ. ಇಲ್ಲಿ ಹೂ ತನ್ನ ಪಾಡಿಗೆ ಬಳ್ಳಿಯಲ್ಲಿರುತ್ತದೆ. ಜನವೇ ಅದರ ಹತ್ತಿರ ಬರುತ್ತಾರೆ, ಕತ್ತೆತ್ತಿ ನಿಲ್ಲುತ್ತಾರೆ. ದೇವರೂ ಒಳಗಿನಿಂದ ನೋಡುತ್ತಿರಬಹುದು. ಯಾವುದು ಸರಿ ಅನ್ನುವ ಪ್ರಶ್ನೆ ನನಗೆ ಬರಲಿಲ್ಲ. ಹೂ ಅಂದರೆ ಕೀಳುವುದು ಅಂತ ಎಪ್ಪತ್ತೊಂದು ವರ್ಷದಿಂದ ಗೊತ್ತಿರುವ ಒಂದು ಕೈ ಈಗ ಏನು ಮಾಡುತ್ತದೆ ಅಂತ ಮಾತ್ರ ನೋಡುತ್ತಿದ್ದೆ. ಅಮ್ಮನ ಬಲಗೈ ಬ್ಯಾಗಿನ ಜಿಪ್ಪಿನ ಮೇಲಿತ್ತು.

"ಯಾವ ದೇವರು ಇದು?"

ಕತೆ ಹೇಳಬೇಕಾಯಿತು. ಸುಗವಾರ ನೊ ಮಿಚಿಜಾನೆ, 845ರಲ್ಲಿ ಹುಟ್ಟಿದ ಪಂಡಿತ, ಕವಿ. ಓದಿನ ಬಲದಿಂದಲೇ ಕ್ಯೋಟೋ ಆಸ್ಥಾನದಲ್ಲಿ ದೊಡ್ಡ ಮಂತ್ರಿಯಾದ. ಅಲ್ಲಿ ತಲೆಮಾರುಗಳಿಂದ ಅಧಿಕಾರ ಹಿಡಿದಿದ್ದ ಮನೆತನಕ್ಕೆ ಅದು ಸಹಿಸಲಿಲ್ಲ. ಚಾಡಿ ಹೇಳಿದರು. 901ರಲ್ಲಿ ಅವನನ್ನು ದೂರದ ದಜಾಯಿಫುಗೆ ಗಡೀಪಾರು ಮಾಡಿದರು. ಹೊರಡುವ ಮುಂಚೆ ಅಂಗಳದ ಪ್ಲಮ್ ಗಿಡಕ್ಕೆ ಪದ್ಯ ಹೇಳಿದ: ಮೂಡಣ ಗಾಳಿ ಬೀಸಿದಾಗ ನಿನ್ನ ಪರಿಮಳ ಕಳಿಸು, ಯಜಮಾನ ಇಲ್ಲವೆಂದು ವಸಂತ ಮರೆಯಬೇಡ. ಆ ಗಿಡ ರಾತ್ರೋರಾತ್ರಿ ಹಾರಿ ದಜಾಯಿಫುಗೆ ಬಂತು ಅನ್ನುತ್ತಾರೆ. 903ರಲ್ಲಿ ಅವನು ಅಲ್ಲೇ ತೀರಿಕೊಂಡ. ಆಮೇಲೆ ರಾಜಧಾನಿಯಲ್ಲಿ ಒಂದಾದ ಮೇಲೊಂದು ಸಾವು. 930ರಲ್ಲಿ ಅರಮನೆಗೇ ಸಿಡಿಲು ಬಡಿದು ಅಧಿಕಾರಿಗಳು ಸತ್ತರು. ಅವನ ಸಿಟ್ಟೇ ಅಂತ ಹೆದರಿದ ಜನ ಗುಡಿ ಕಟ್ಟಿ ತೆನ್‌ಜಿನ್, ಅಂದರೆ ಆಕಾಶದೇವರು, ಅಂತ ಕೈಮುಗಿದರು. ಕಾಲ ಕಳೆದ ಹಾಗೆ ಸಿಟ್ಟು ಮರೆತುಹೋಗಿ ವಿದ್ಯೆ ಉಳಿಯಿತು. ಈಗ ಅವನು ಪರೀಕ್ಷೆಯ ದೇವರು.

"ಯಾರು ಚಾಡಿ ಹೇಳಿದ್ದು?"

"ಫುಜಿವಾರ ಅಂತ ಮನೆತನ."

"ಫುಜಿ... ಈ ಹೂವಿನ ಫುಜಿನಾ?"

ಹೌದು, ಅದೇ ಅಕ್ಷರ. ಫುಜಿವಾರ ಅಂದರೆ ಫುಜಿ ಹೂವಿನ ಬಯಲು. ಅವನನ್ನು ಓಡಿಸಿದವರ ಹೆಸರಿನಲ್ಲಿದ್ದ ಹೂವು ಅವನ ಅಂಗಳದ ತುಂಬಾ ತೂಗುತ್ತಿದೆ. ಅವನ ಪ್ರೀತಿಯ ಪ್ಲಮ್ ಹೂವೂ ಇಲ್ಲಿದೆ, ಫೆಬ್ರವರಿ ಚಳಿಯಲ್ಲಿ ಅರಳುತ್ತದೆ. ಆದರೆ ಜನ ಮುಗಿಬೀಳುವುದು ಫುಜಿಗೆ. ಇದನ್ನು ಇಲ್ಲಿ ಯಾರೂ ದೊಡ್ಡದು ಮಾಡಿದ್ದನ್ನು ನಾನು ಕೇಳಿಲ್ಲ. ಅಮ್ಮ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶತ್ರು ಮನೆ ಕೊಂಬೆ ಇವನ ಕಾಂಪೌಂಡಿಗೆ ಬಂದಿದೆ. ಇವನದೇ ಆಯ್ತು" ಅಂದರು. ಕಾನೂನು ಜಪಾನಿಗೂ ಅನ್ವಯವಾಯಿತು.

ಗುಡಿಯ ಪಕ್ಕದಲ್ಲಿ ಮಲಗಿದ ಎತ್ತಿನ ವಿಗ್ರಹವಿದೆ. ವರ್ಷಕ್ಕೊಂದು ಪ್ರಾಣಿಯ ಹೆಸರಿಡುವ ಇಲ್ಲಿನ ಲೆಕ್ಕದಲ್ಲಿ ಮಿಚಿಜಾನೆ ಹುಟ್ಟಿದ್ದು ಎತ್ತಿನ ವರ್ಷದಲ್ಲಿ. ಅವನ ಹೆಣ ಹೊತ್ತ ಗಾಡಿಯ ಎತ್ತು ನಡುದಾರಿಯಲ್ಲಿ ಕೂತು ಏಳಲೇ ಇಲ್ಲವಂತೆ, ಅಲ್ಲೇ ಸಮಾಧಿ ಮಾಡಿದರು. ನಿಮಗೆ ಎಲ್ಲಿ ನೋವೋ ಎತ್ತಿನ ಮೈಯಲ್ಲಿ ಅಲ್ಲಿ ಸವರಬೇಕು. ಮಕ್ಕಳು ತಲೆ ಸವರುತ್ತಾರೆ, ಬುದ್ಧಿ ಬರಲಿ ಅಂತ. "ಬಸವಣ್ಣ" ಅಂತ ಕೈಮುಗಿದು ಅಮ್ಮ ಎರಡು ಮಂಡಿ ಸವರಿದರು, ಆಮೇಲೆ ನೆನಪಾಗಿ ತಲೆಯನ್ನೂ. "ಇದು ನಿನ್ನ ಮಗನಿಗೆ."

ಮಗ ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಹಾಗಾಗಿ ಎಮಾ ಬರೆಯದೆ ಬಿಡುವಂತಿಲ್ಲ. ಎಮಾ ಅಂದರೆ ಹರಕೆಯ ಮರದ ಹಲಗೆ, ಬೇಕಾದ್ದು ಬರೆದು ಸ್ಟ್ಯಾಂಡಿಗೆ ಕಟ್ಟುವುದು. ಅಲ್ಲಿ ಪದರ ಪದರವಾಗಿ ಕಟ್ಟಿದ್ದರು. ಹೈಸ್ಕೂಲು, ಯೂನಿವರ್ಸಿಟಿ, ನರ್ಸಿಂಗ್ ಪರೀಕ್ಷೆ. ಅಮ್ಮ ಮಾರ್ಕರ್ ತೆಗೆದುಕೊಂಡು ದುಂಡಗೆ ಬರೆದರು: 'ಗಣಿತದಲ್ಲಿ ಗಮನ ಕೊಡಲಿ. ಮೊಬೈಲ್ ಕಡಿಮೆಯಾಗಲಿ.' ಮಾರ್ಕಿನ ಮಾತೇ ಇಲ್ಲ. ಎಷ್ಟು ಖಚಿತವಾದ ಹರಕೆ ನೋಡಿ. ನನ್ನ ಕಾಲದಲ್ಲಿ ಅವರು ಗಣಪತಿಗೆ ಹೇಳಿಕೊಂಡದ್ದು ರ‍್ಯಾಂಕು.

ಹೊರಡುವ ಮುಂಚೆ ನೆರಳಲ್ಲಿ ಕೂತಾಗ ಇನ್ನೊಂದು ವಿಷಯ ಹೇಳಿದೆ. ಈ ಗುಡಿ ಹುಟ್ಟಿದ್ದೇ ಒಂದು ಬೆಂಕಿಯ ಹಿಂದೆ. 1657ರಲ್ಲಿ ಎದೊ ಪಟ್ಟಣದ ಬಹುಪಾಲು ಸುಟ್ಟುಹೋಯಿತು. ಸುಮಿದಾ ನದಿಯ ಈಚೆ ಹೊಸ ಬಡಾವಣೆ ಮಾಡಿದಾಗ ಅದನ್ನು ಕಾಯಲು ದೇವರು ಬೇಕಾಯಿತು. ದಜಾಯಿಫುವಿನಿಂದ ಬಂದ, ಮಿಚಿಜಾನೆಯ ವಂಶದವನೇ ಆದ ಅರ್ಚಕನೊಬ್ಬ ಹಾರಿಬಂದ ಪ್ಲಮ್ ಗಿಡದ ಕಟ್ಟಿಗೆಯಲ್ಲಿ ಕೆತ್ತಿದ ಮೂರ್ತಿಯನ್ನು ಈ ಹಳ್ಳಿಯಲ್ಲಿ ಮೊದಲೇ ಇಟ್ಟಿದ್ದ. ಶೋಗುನ್ ಜಾಗ ಕೊಟ್ಟ. 1660ರ ದಶಕದಲ್ಲಿ ದಜಾಯಿಫುವಿನ ಮಾದರಿಯಲ್ಲೇ ಕೊಳ, ಸೇತುವೆ, ಗುಡಿ ಎದ್ದವು. ಆಮೇಲೆ 1945ರ ಮಾರ್ಚ್ 9-10ರ ರಾತ್ರಿ. ಅಮೆರಿಕದ ಬಾಂಬ್ ವಿಮಾನಗಳು ಟೋಕಿಯೋದ ಈ ಪೂರ್ವ ಭಾಗಕ್ಕೇ ಬೆಂಕಿ ಸುರಿದವು. ಒಂದೇ ರಾತ್ರಿಯಲ್ಲಿ ಸತ್ತವರು ಸುಮಾರು ಒಂದು ಲಕ್ಷ. ಗುಡಿಯೂ ಹೋಯಿತು. ನಾವೀಗ ನೋಡುವುದೆಲ್ಲಾ ಯುದ್ಧದ ಮೇಲೆ ಕಟ್ಟಿದ್ದು. ಆ ಕೆಂಪು ಸೇತುವೆಯೂ ಕಾಂಕ್ರೀಟು.

ಅಮ್ಮ ಓಜಿಮಾದ ದಿಕ್ಕು ಯಾವುದು ಅಂತ ಕೇಳಿದರು. ಕೈ ತೋರಿಸಿದೆ. "ಅಲ್ಲೂನಾ?" ಅಂದರು. ಅಲ್ಲೂ, ಅಂದೆ. ನಮ್ಮ ಅಪಾರ್ಟ್‌ಮೆಂಟ್ ನಿಂತ ನೆಲವೂ ಆ ರಾತ್ರಿಯದೇ. ಬಾಡಿಗೆ ಕರಾರಿನಲ್ಲಿ ಅದೆಲ್ಲ ಬರೆದಿರುವುದಿಲ್ಲ.

ಹಸಿವಾಗಿತ್ತು. ಒಳಗಿನ ಅಂಗಡಿಗಳಲ್ಲಿ ಸುಡುತ್ತಿದ್ದ ಆಕ್ಟೋಪಸ್ ಉಂಡೆಯ ವಾಸನೆಗೆ ಅಮ್ಮ ಸೆರಗು ಮೂಗಿಗೆ ಹಿಡಿದಿದ್ದರು. ಹೊರಗೆ ಬಂದು 1805ರಿಂದ ಇರುವ ಫುನಬಶಿಯಾದಲ್ಲಿ ಕುಜುಮೊಚಿ ತೆಗೆದುಕೊಂಡೆವು. ಗೋಧಿಯ ಗಂಜಿಪುಡಿಯನ್ನು ಒಂದು ವರ್ಷಕ್ಕೂ ಜಾಸ್ತಿ ಹುಳಿಬರಿಸಿ, ಆಮೇಲೆ ಹಬೆಯಲ್ಲಿ ಬೇಯಿಸಿ ತುಂಡು ಮಾಡುವ ತಿಂಡಿ. ಮೇಲೆ ಕಪ್ಪು ಸಕ್ಕರೆಯ ಪಾಕ, ಹುರಿದ ಸೋಯಾ ಪುಡಿ. "ಹಾಲುಬಾಯಿ, ತೆಂಗಿನಕಾಯಿ ಮರೆತಿದಾರೆ" ಅನ್ನುವುದು ತೀರ್ಪು. ತಟ್ಟೆ ಮಾತ್ರ ಖಾಲಿಯಾಯಿತು.

ಅಲ್ಲೇ ಅವರು ಬ್ಯಾಗಿನಿಂದ ಕವರ್ ತೆಗೆದದ್ದು. ನನ್ನ ಎದೆ ಧಸಕ್ಕೆಂದಿತು. ಒಳಗೆ ಹತ್ತು ಹನ್ನೆರಡು ನೇರಳೆ ಹೂ.

"ಕೀಳಲಿಲ್ಲಮ್ಮ, ಗಾಬರಿ ಬೀಳ್ಬೇಡ. ಬಿದ್ದಿದ್ದು. ನೀನು ಹಲಗೆ ಕಟ್ತಿದ್ದೆ ನೋಡು, ಆಗ."

"ಬಿದ್ದ ಹೂ ದೇವರಿಗೆ ಆಗಲ್ಲ ಅಂತಿದ್ದೆ?"

"ಆಗಲ್ಲ. ಪಾರಿಜಾತ ಒಂದು ಬಿಟ್ಟು." ಹೂಗಳನ್ನು ಅಂಗೈ ಮೇಲೆ ಹರಡಿಕೊಂಡು ನೋಡಿದರು. "ಇದು ದೇವರಿಗಲ್ಲ."

ಮತ್ತೆ ಯಾರಿಗೆ ಅಂತ ನಾನು ಕೇಳಲಿಲ್ಲ. ಮನೆಗೆ ಬಂದು ಒಂದು ಬಟ್ಟಲಿನಲ್ಲಿ ನೀರು ಹಾಕಿ ಅವನ್ನು ತೇಲಿಬಿಟ್ಟರು. ದೇವರ ಗೂಡಿನಲ್ಲಲ್ಲ, ಊಟದ ಮೇಜಿನ ಮೇಲೆ. ಎರಡು ದಿನಕ್ಕೆ ಕಂದಾದವು.

ಜುಲೈನಲ್ಲಿ ಅಮ್ಮ ಊರಿಗೆ ಹೋದರು. ನವೆಂಬರಿನಲ್ಲಿ ಕಮೆಯಿದೊದಲ್ಲಿ ಸೇವಂತಿಗೆ ಇಡುತ್ತಾರೆ. ಆಫೀಸಿಗೆ ರಜೆ ಹಾಕಿ ಒಬ್ಬಳೇ ಹೋದೆ, ನೆಂಟರಿಲ್ಲದೆ ಮೊದಲ ಸಲ. ಕುಂಡಗಳಲ್ಲಿ ತಟ್ಟೆಯಗಲದ ಹೂಗಳು ಶಿಸ್ತಾಗಿ ನಿಂತಿದ್ದವು. ಚಪ್ಪರದ ಕೆಳಗೆ ಯಾರೂ ಇರಲಿಲ್ಲ. ಎಲೆ ಹಳದಿಯಾಗಿತ್ತು. ಹೂ ಮುಗಿದ ಮೇಲೆ ಗೊಂಚಲುಗಳನ್ನು ಕತ್ತರಿಸಿಬಿಡುತ್ತಾರೆ, ಆದರೂ ಕತ್ತರಿಗೆ ಸಿಗದೆ ಉಳಿದ ಕಾಯಿ ಎರಡು ಮೂರು ಕಂಡವು. ಚಪ್ಪಟೆಗೆ, ಗೇಣುದ್ದ, ಮೇಲೆ ಮಖಮಲ್ಲಿನಂಥ ನುಣುಪು, ಒಳಗೆ ಕಾಳು ಉಬ್ಬಿದ್ದು ಹೊರಗೇ ಕಾಣುತ್ತಿತ್ತು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಕಾಳು ವಿಷ, ತಿನ್ನುವಂತಿಲ್ಲ ಅಂತ ಕೆಳಗೆ ಬರೆದೂ ಇದ್ದೆ.

ಮೈಸೂರಿನಲ್ಲಿ ಆಗ ಬೆಳಗ್ಗೆ ಏಳು ಗಂಟೆ, ಕವರ್ ತುಂಬಿಕೊಂಡು ಮನೆಗೆ ಬಂದಿರುವ ಹೊತ್ತು. ನಿಮಿಷದಲ್ಲಿ ಉತ್ತರ ಬಂತು.

"ಸೊಗಡಿದ್ಯಾ?"